ಸೊಸೈಟಿಯ ಸರ್ವರಿಗೆ ಹೊಸ ಡಿಸ್ಕು ಹಾಕಿದ್ದು

ನಿಧಾನವಾದದ್ದನ್ನು ಬೈಯುವುದರಲ್ಲಿ ಒಂದು ಸುಖವಿದೆ. ಬಸ್ಸು ನಿಧಾನ, ಬ್ಯಾಂಕಿನ ಕ್ಯೂ ನಿಧಾನ, ಹೋಟೆಲಿನಲ್ಲಿ ಬನ್ಸ್ ತರುವವನು ನಿಧಾನ ಎಂದು ಬೈಯುತ್ತ ಬೈಯುತ್ತ ಅಪರಿಚಿತರಿಬ್ಬರು ಎಷ್ಟು ಬೇಗ ಬಳಗದವರಾಗಿಬಿಡುತ್ತಾರೆ ಎಂಬುದನ್ನು ನೀವೂ ನೋಡಿರುತ್ತೀರಿ. ಎಲ್ಲವೂ ಸರಸರ ನಡೆಯುವ ಕಡೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಹೊನ್ನಾವರದ ಬಸ್‌ಸ್ಟ್ಯಾಂಡಿಗೆ ಕುಮಟೆಯ ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನ ನಾನು ಒಂದು ನರಪಿಳ್ಳೆಯ ಜೊತೆಗೂ ಮಾತಾಡಿದ್ದಿಲ್ಲ. ಬಾರದ ದಿನ ಪಕ್ಕದಲ್ಲಿ ಕೂತ ಒಬ್ಬಾಕೆ ನಾದಿನಿಯ ಹೆರಿಗೆಯಿಂದ ಹಿಡಿದು ಗಂಡನ ಮೂಲವ್ಯಾಧಿಯವರೆಗೆ ಎಲ್ಲವನ್ನೂ ಹೇಳಿ ಮುಗಿಸಿ, ಬಸ್ಸು ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿದ್ದಳು. ಅವಳ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಇಷ್ಟೆಲ್ಲ ತಿಳಿದವಳಾದ ನಾನು, ನಮ್ಮ ಸೊಸೈಟಿಯ ನಿಧಾನದ ಸರ್ವರನ್ನು ಕೈಯಾರೆ ಚುರುಕು ಮಾಡಿದೆ. ಮಾಡಿ ಈಗ ಅನುಭವಿಸುತ್ತಿದ್ದೇನೆ.

ನಾನು ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಮೀನುಗಾರರ ಒಂದು ಸೊಸೈಟಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಬೋಟುಗಳಿಗೆ ಡೀಸೆಲ್ಲು, ಮಂಜುಗಡ್ಡೆ ಸಿಗಬೇಕಾದರೆ ನಮ್ಮ ಚೀಟಿ ಬೇಕು. ಗಂಡಸರು ಬೋಟಿನಲ್ಲಿ, ಬಲೆಯಲ್ಲಿ ಮುಳುಗಿರುವುದರಿಂದ ಚೀಟಿಗೆ ಬರುವವರು ಹೆಚ್ಚಾಗಿ ಆಯಾ ಮನೆಯ ಹೆಂಗಸರು. ಅವರು ಬೋಟಿನ ನಂಬರು ಹೇಳುತ್ತಾರೆ, ನಾನು ಒತ್ತುತ್ತೇನೆ, ಮೂಲೆಯಲ್ಲಿರುವ ಸರ್ವರು ಹುಡುಕಿ ತೆಗೆಯುತ್ತದೆ, ಚೀಟಿ ಮುದ್ರಣವಾಗಿ ಹೊರಗೆ ಬರುತ್ತದೆ. ಜೀವಮಾನದಲ್ಲಿ ಒಂದು ಮಗುವಿಗೂ ಅ ಆ ಇ ಈ ಕಲಿಸದ ನನ್ನನ್ನು ಎಲ್ಲರೂ 'ಕಂಪ್ಯೂಟರ್ ಅಕ್ಕೋರು' ಎಂದೇ ಕರೆಯುತ್ತಾರೆ. ಶಾಲೆಯ ಅಕ್ಕೋರಿಗೆ ಸಿಗುವ ಬೇಸಿಗೆ ರಜೆ ಸಿಗುವುದಿಲ್ಲ ಎಂಬುದೊಂದು ಬಿಟ್ಟರೆ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ.

ಮದುವೆ ಆಗಿಲ್ಲ. ಯಾಕೆ ಎಂದು ಕೇಳಬೇಡಿ; ಕೇಳಬೇಕಾದವರೆಲ್ಲ ಕೇಳಿ ದಣಿದು ಬಿಟ್ಟಿದ್ದಾರೆ. ಕೇಳುವಾಗ ಸಿಟ್ಟು ಬರುತ್ತಿತ್ತು, ಈಗ ಯಾರೂ ಕೇಳುವುದಿಲ್ಲವಲ್ಲ ಎಂದು ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಹೊನ್ನಾವರದಲ್ಲಿ ಒಂದು ಬಾಡಿಗೆ ಮನೆ, ಒಂದು ಕುಕ್ಕರು, ಒಂದು ಟಿ.ವಿ. ಶನಿವಾರ ಸಂಜೆ ಬೀಗ ತೆಗೆದು ಒಳಗೆ ಹೋದರೆ ಸೋಮವಾರ ಬೆಳಿಗ್ಗೆಯವರೆಗೆ ನನ್ನ ಬಾಯಿಗೆ ಊಟ ಬಿಟ್ಟರೆ ಬೇರೆ ಕೆಲಸವಿಲ್ಲ. ಸೋಮವಾರ ಬಸ್ಸಿನಲ್ಲಿ 'ಕಾಸರಕೋಡ' ಎನ್ನಲು ಹೊರಟರೆ ಗಂಟಲಿನಿಂದ ಮೊದಲು ಗಾಳಿ ಬರುತ್ತದೆ, ಆಮೇಲೆ ಶಬ್ದ ಬರುತ್ತದೆ. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಕಂಡಕ್ಟರನ ಹತ್ತಿರ ಚಿಲ್ಲರೆಗಾಗಿ ಜಗಳವಾಡುವ ಅವಕಾಶವೂ ತಪ್ಪಿಹೋಗಿದೆ. ಆಧಾರ್ ಕಾರ್ಡು ತೋರಿಸಿದರೆ ಅವನು ತಲೆ ಆಡಿಸುತ್ತಾನೆ, ನಾನೂ ಆಡಿಸುತ್ತೇನೆ, ಅಲ್ಲಿಗೆ ನಮ್ಮ ಸಂಬಂಧ ಮುಗಿಯಿತು.

ಹಾಗಾಗಿ ನನಗೆ ಲೋಕ ಎಂದರೆ ಸೊಸೈಟಿಯ ಕೌಂಟರಿನ ಎದುರಿನ ಬೆಂಚು. ಆ ಬೆಂಚು ತುಂಬಿರಲು ಕಾರಣ ನಾನಲ್ಲ, ನಮ್ಮ ಸರ್ವರು. ಅದಕ್ಕೆ ವಯಸ್ಸಾಗಿತ್ತು. ಒಂದು ಬೋಟಿನ ನಂಬರು ಕೊಟ್ಟರೆ ಅದು ಗರ್ ಗರ್ ಎಂದು ಗಂಟಲು ಸರಿಮಾಡಿಕೊಂಡು, ತನ್ನೊಳಗೆಲ್ಲ ತಡಕಾಡಿ, ಮಧ್ಯೆ ಒಂದು ಜೊಂಪು ಹತ್ತಿ, ಮತ್ತೆ ಎಚ್ಚರಾಗಿ ಉತ್ತರ ಕೊಡುವಷ್ಟರಲ್ಲಿ ಬೆಂಚಿನ ಮೇಲೆ ಒಂದು ಸಂಸಾರದ ಕಥೆ ಮುಗಿದಿರುತ್ತಿತ್ತು. ಬೆಂಚಿನ ಯಜಮಾನತಿ ಮಂಗಲಕ್ಕ. ಮಂಗಲಕ್ಕನ ಗಂಡನದು ಒಂದು ಬೋಟು. ಅವಳದು ಹೊನ್ನಾವರದ ಮೀನುಪೇಟೆಯಲ್ಲಿ ಒಂದು ಜಾಗ ಮತ್ತು ಮೂರು ಪೇಟೆಗೆ ಕೇಳಿಸುವಷ್ಟು ಗಂಟಲು. ಬುಟ್ಟಿ ಇಳಿಸಿದವಳೇ, "ಎಂತ ಅಕ್ಕೋರೆ, ನಿಮ್ಮ ಮುದುಕ ಎದ್ನಾ ಇಲ್ಲ ಇನ್ನೂ ಮಲಗಿದ್ನಾ?" ಎಂದು ಶುರು ಮಾಡುತ್ತಿದ್ದಳು. "ಎದ್ದಿದ್ದಾನೆ, ಮುಖ ತೊಳೀತಾ ಇದ್ದಾನೆ" ಎನ್ನುತ್ತಿದ್ದೆ ನಾನು. ಅಷ್ಟೇ ನನ್ನ ಪಾಲು. ಆಮೇಲೆ ಆ ಬೆಂಚೇ ಮಾತಾಡುತ್ತಿತ್ತು. ಯಾರ ಸೊಸೆ ಬಂಗಡೆ ಸಾರಿಗೆ ಹುಳಿ ಹಾಕುವುದನ್ನು ಮರೆತಳು, ಭಟ್ಕಳದ ಸಂತೆಯಲ್ಲಿ ಯಾರ ಚಪ್ಪಲಿ ಹೋಯಿತು, ಮುರ್ಡೇಶ್ವರದ ಲಾಡ್ಜಿನಲ್ಲಿ ಕೆಲಸಕ್ಕೆ ಸೇರಿದವನು ಯಾವ ಹುಡುಗಿಯನ್ನು ನೋಡಿ ಬಂದ, ಎಲ್ಲವೂ ನನ್ನ ಕಿವಿಗೆ ಬೀಳುತ್ತಿತ್ತು. ಹೋಗುವಾಗ ಯಾರಾದರೂ ಕಾಗದದಲ್ಲಿ ಸುತ್ತಿದ ನಾಲ್ಕು ಶೆಟ್ಲಿ ಸಿಗಡಿಯನ್ನು ಕೌಂಟರಿನ ಮೇಲೆ ಇಟ್ಟು ಹೋಗುತ್ತಿದ್ದರು. ರಾತ್ರಿ ಅದನ್ನು ಹುರಿಯುತ್ತ ಅವತ್ತು ಕೇಳಿದ್ದನ್ನೆಲ್ಲ ಮತ್ತೊಮ್ಮೆ ಮನಸ್ಸಿನಲ್ಲೇ ತಿರುವಿಹಾಕುವುದು ನನ್ನ ಟಿ.ವಿ. ಧಾರಾವಾಹಿಗಿಂತ ಚೆನ್ನಾಗಿರುತ್ತಿತ್ತು.

ಹೀಗಿರುವಾಗ ಸರ್ವರಿನ ಡಿಸ್ಕು ಟಿಕ್ ಟಿಕ್ ಎನ್ನಲು ಶುರುಮಾಡಿತು. ಡಿಸ್ಕು ಟಿಕ್ ಟಿಕ್ ಎಂದರೆ ಅದು ಹೊರಡುವ ತಯಾರಿ ಎಂದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ನಾನು ಕೆಲವು ದಿನ ಕೇಳಿಸದವಳ ಹಾಗೆ ಇದ್ದೆ. ಸುಳ್ಳು ಯಾಕೆ ಹೇಳಲಿ, ಹೊಸ ಡಿಸ್ಕು ಬಂದು ಸರ್ವರು ಚುರುಕಾದರೆ ಬೆಂಚಿನ ಗತಿ ಏನು ಎಂಬ ಯೋಚನೆ ಆಗಲೇ ಹೊಟ್ಟೆಯೊಳಗೆ ಕೂತಿತ್ತು. ಆದರೆ ಹಂಗಾಮಿನ ಮಧ್ಯೆ ಅದು ಕೈಕೊಟ್ಟರೆ ಬೋಟುಗಳೆಲ್ಲ ಡೀಸೆಲ್ಲಿಲ್ಲದೆ ದಡದಲ್ಲಿ ನಿಲ್ಲುತ್ತವೆ, ಆಮೇಲೆ ಬೆಂಚಿನವರೇ ನನ್ನನ್ನು ಹರಿದು ಮುಕ್ಕುತ್ತಾರೆ. ಕೊನೆಗೆ ಸೆಕ್ರೆಟರಿ ಗಣಪಯ್ಯನವರಿಗೆ ಹೇಳಿದೆ. ಅವರು ಚಿಕ್ಕಂದಿನಲ್ಲಿ ಬೋಟಿನಲ್ಲಿ ಹೋದವರು, ಲೋಕದ ಎಲ್ಲ ಯಂತ್ರವೂ ಅವರಿಗೆ ಬೋಟಿನ ಎಂಜಿನ್ನೇ. "ಹೊಸದು ತರಿಸ್ವ. ಆದ್ರೆ ಈಗ ಕೈ ಹಾಕೂದು ಬ್ಯಾಡ. ಮಳೆಗಾಲದ ಬಂದ್ ಶುರುವಾಗ್ಲಿ, ಬೋಟೆಲ್ಲ ಮೇಲೆ ಹತ್ತಲಿ, ಆವಾಗ ಬಿಚ್ಚುವ" ಎಂದರು. ಎಂಜಿನ್ ಬಿಚ್ಚುವ ಕಾಲವೂ ಅದೇ ತಾನೆ. ಹುಬ್ಬಳ್ಳಿಯಿಂದ ಹೊಸ ಡಿಸ್ಕು ಪಾರ್ಸೆಲಿನಲ್ಲಿ ಬಂತು. ಗಣಪಯ್ಯನವರು ಅದನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಮೀನುಗಾರಿಕೆ ಬಂದ್ ಆದಮೇಲೆ ನಮ್ಮ ಸೊಸೈಟಿಯನ್ನು ನೀವು ನೋಡಬಾರದು. ಬೋಟುಗಳು ದಡ ಹತ್ತಿ ತಾಡಪಾಲು ಹೊದ್ದು ಮಲಗಿರುತ್ತವೆ. ಕೌಂಟರಿಗೆ ಒಂದು ಕಾಗೆಯೂ ಬರುವುದಿಲ್ಲ. ಗಣಪಯ್ಯನವರು ಬೆಳಿಗ್ಗೆ ಬಂದು ಸಹಿ ಹಾಕಿ, ಪೇಪರು ಓದಿ, ಊಟಕ್ಕೆ ಹೋದವರು ಮನೆಯಲ್ಲೇ ಉಳಿಯುತ್ತಾರೆ. ಪ್ರತಿವರ್ಷವೂ ಆ ದಿನಗಳಲ್ಲಿ ನಾನು ಬೆಂಚನ್ನು ಒರೆಸುತ್ತೇನೆ. ಕೂತವರೇ ಇಲ್ಲದ ಬೆಂಚಿಗೆ ಎಂತ ಕೊಳೆ? ಆದರೂ ಒರೆಸುತ್ತೇನೆ. ಈ ವರ್ಷ ಒರೆಸುವ ಬದಲು ಮಾಡಲು ಒಂದು ಕೆಲಸವಿದೆಯಲ್ಲ ಎಂದು ಒಂದು ಬಗೆಯ ಉತ್ಸಾಹವೂ ಬಂದಿತ್ತು. ಸ್ಕ್ರೂಡ್ರೈವರು, ಟಾರ್ಚು, ಬರೆದುಕೊಂಡ ಸೂಚನೆಗಳು ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು, "ಡಿಸ್ಕು ಕೊಡಿ ಸಾರ್" ಎಂದೆ. ಗಣಪಯ್ಯನವರು ಕಪಾಟಿನ ಬೀಗ ತೆಗೆದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಗಂಟನ್ನು ಬಹಳ ಜೋಪಾನವಾಗಿ ಕೈಗಿಟ್ಟರು. ಬಿಚ್ಚಿ ನೋಡುತ್ತೇನೆ, ಹೊಸ ಡಿಸ್ಕು ಜಿಡ್ಡು ಜಿಡ್ಡಾಗಿ ಮಿರಮಿರ ಮಿಂಚುತ್ತಿದೆ.

"ಎಂತ ಸಾರ್ ಇದು?" ಎಂದು ಕೂಗಿದೆ. ಕೂಗಿದ್ದು ಹೌದು, ಮೇಲಧಿಕಾರಿ ಎಂಬುದೂ ನೆನಪಾಗಲಿಲ್ಲ.

"ಗ್ರೀಸು. ನಾನೇ ಹಚ್ಚಿಟ್ಟೆ" ಎಂದರು ಅವರು ಹೆಮ್ಮೆಯಿಂದ. "ಮಳೆಗಾಲ ಅಲ್ವಾ, ಉಪ್ಪುಗಾಳಿ. ಹಚ್ಚದೆ ಇಟ್ರೆ ತುಕ್ಕು ಹಿಡೂದಿಲ್ವಾ? ಆ ಹಲ್ಲು ಹಲ್ಲು ಅದೆಯಲ್ಲ, ಅಲ್ಲಿ ಸ್ವಲ್ಪ ಜಾಸ್ತಿನೇ ಹಚ್ಚಿದ್ದೆ."

ಆ ಹಲ್ಲು ಹಲ್ಲು ಎಂದರೆ ಡಿಸ್ಕನ್ನು ಸರ್ವರಿಗೆ ಸಿಕ್ಕಿಸುವ ಜಾಗ. ಅಲ್ಲಿ ಬೆರಳಿನ ಬೆವರು ತಾಗಿದರೂ ಆಗದು ಎಂದು ಸೂಚನೆಯಲ್ಲಿ ಬರೆದಿತ್ತು. ನಮ್ಮ ಕರಾವಳಿಯಲ್ಲಿ ಬಂದ್ ಬಂತೆಂದರೆ ಎಂಜಿನ್ನಿನ ಬೋಲ್ಟಿನಿಂದ ಹಿಡಿದು ಬಾವಿಯ ರಾಟೆಯವರೆಗೆ ಕಬ್ಬಿಣ ಎಂಬುದಕ್ಕೆಲ್ಲ ಗ್ರೀಸು ಬೀಳುತ್ತದೆ. ಆ ಮನುಷ್ಯ ಪ್ರೀತಿಯಿಂದಲೇ ಮಾಡಿದ್ದು. ಬೈಯುವಂತೆಯೂ ಇಲ್ಲ, ನಗುವಂತೆಯೂ ಇಲ್ಲ. ಕೊಡೆ ಹಿಡಿದು ಮೆಡಿಕಲ್ ಶಾಪಿಗೆ ಓಡಿ ಹತ್ತಿ, ಸ್ಪಿರಿಟು ಕೇಳಿದೆ. "ಯಾರಿಗೆ ಗಾಯ?" ಎಂದ ಅಂಗಡಿಯವ. "ಹಾರ್ಡ್ ಡಿಸ್ಕಿಗೆ" ಎಂದೆ. ಅವನು ನಗಲಿಲ್ಲ, ಚಿಲ್ಲರೆ ಎಣಿಸಿ ಕೊಟ್ಟ. ಅವತ್ತು ಮಧ್ಯಾಹ್ನವಿಡೀ ಆ ಹಲ್ಲುಗಳನ್ನು ಹತ್ತಿಯಿಂದ ಒಂದೊಂದಾಗಿ ಒರೆಸುತ್ತ ಕೂತೆ. ಬಾಣಂತಿಯ ಕೂಸನ್ನೂ ಯಾರೂ ಅಷ್ಟು ನಯವಾಗಿ ಒರೆಸಿರಲಿಕ್ಕಿಲ್ಲ. ಈ ಪ್ರಸಂಗವನ್ನು ಬೆಂಚಿನವರಿಗೆ ಹೇಳಿದರೆ ಎಷ್ಟು ನಗಬಹುದು ಎಂದು ಯೋಚಿಸಿ ನಾನೊಬ್ಬಳೇ ನಕ್ಕೆ. ಖಾಲಿ ಆಫೀಸಿನಲ್ಲಿ ಒಬ್ಬಳೇ ನಗುವುದು ಕೇಳಲು ಚೆನ್ನಾಗಿರುವುದಿಲ್ಲ, ಬೇಗ ನಿಲ್ಲಿಸಿದೆ.

ಮರುದಿನ ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ. ಇದರಲ್ಲಿ ಬುದ್ಧಿಯ ಕೆಲಸ ಹೆಚ್ಚಿಲ್ಲ, ಭಯದ ಕೆಲಸ ಬಹಳ ಇದೆ. ಎಲ್ಲಿಂದ, ಎಲ್ಲಿಗೆ ಎಂದು ಎರಡೇ ಮಾತು ಹೇಳಬೇಕು. ಆ ಎರಡು ತಿರುಗುಮುರುಗಾದರೆ ಯಂತ್ರ ಒಂದು ಪ್ರಶ್ನೆಯನ್ನೂ ಕೇಳದೆ, ಹೊಸ ಡಿಸ್ಕಿನ ಖಾಲಿಯನ್ನು ತಂದು ಹಳೆಯ ಡಿಸ್ಕಿನ ತುಂಬ ಬಳಿದು, ಕೆಲಸ ಮುಗಿಯಿತು ಎಂದು ವರದಿ ಒಪ್ಪಿಸುತ್ತದೆ. ಎಲ್ಲ ಬೋಟು, ಎಲ್ಲ ಮನೆ, ಎಲ್ಲ ಹೆಸರು ಒಂದೇ ಗುಂಡಿಗೆ ಮಾಯ. ಬ್ಯಾಕಪ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು, ಅದನ್ನು ತೆರೆದು ನೋಡಿದವರು ಯಾರೂ ಇರಲಿಲ್ಲ. ಹಾಗಾಗಿ ನಾನು ಗುಂಡಿ ಒತ್ತುವ ಮೊದಲು ಗಟ್ಟಿಯಾಗಿ, "ಇದು ಹಳೇದು. ಇದು ಹೊಸದು. ಇದರಿಂದ ಅದಕ್ಕೆ. ಅದರಿಂದ ಇದಕ್ಕಲ್ಲ" ಎಂದು ಮತ್ತೆ ಮತ್ತೆ ಹೇಳಿಕೊಂಡೆ. ಹೇಳಿಕೊಂಡಮೇಲೆ ಹೊಳೆಯಿತು, ಆ ವಾರ ನಾನು ಆಡಿದ ಅತಿ ಉದ್ದದ ಮಾತು ಅದೇ.

ಸಾಗಣೆ ಶುರುವಾಯಿತು. ಪಕ್ಕದಲ್ಲಿ ಕೂತಿರಬೇಕು ಎಂದೇನೂ ಇಲ್ಲ, ಅದರಷ್ಟಕ್ಕೆ ಅದು ನಡೆಯುತ್ತದೆ. ಆದರೂ ಕೂತೆ, ಎದ್ದು ಹೋಗಲು ಎಲ್ಲಿಗೆ ಎಂಬುದೂ ಒಂದು ಪ್ರಶ್ನೆ ತಾನೆ. ತೆರೆಯ ಮೇಲೆ ಬೋಟುಗಳ ಕಡತಗಳ ಹೆಸರು ಸಾಲುಸಾಲಾಗಿ ಓಡುತ್ತಿದ್ದವು. ಮಂಗಲಕ್ಕನ ಬೋಟಿನ ಹೆಸರು ಕಂಡಾಗ, "ಓ, ಮಂಗಲಕ್ಕ ಹೊರಟಳು" ಎಂದೆ. ಹೊರಗೆ ಮಳೆ ಹಂಚಿನ ಮೇಲೆ ಬಡಿಯುತ್ತಿತ್ತು, ಒಳಗೆ ಹಳೆಯ ಡಿಸ್ಕು ಟಿಕ್ ಟಿಕ್ ಎನ್ನುತ್ತ ತನ್ನಲ್ಲಿದ್ದುದನ್ನೆಲ್ಲ ಒಪ್ಪಿಸುತ್ತಿತ್ತು. ಸಂಜೆಗೆ ಮುಗಿಯಿತು. ಹಳೆಯದನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಹೊಸದನ್ನು ಅದರ ಜಾಗದಲ್ಲಿ ಸಿಕ್ಕಿಸಿ, ಇಷ್ಟದೇವರನ್ನೆಲ್ಲ ನೆನೆದು ಸ್ವಿಚ್ ಒತ್ತಿದೆ.

ಸರ್ವರು ಎದ್ದಿತು, ಅರ್ಧಕ್ಕೆ ನಿಂತಿತು. ತೆರೆಯ ಮೇಲೆ ಒಂದು ಸಾಲು: ಹಳೆಯ ಡಿಸ್ಕಿಗಾಗಿ ಕಾಯುತ್ತಿದ್ದೇನೆ. ಎಲ್ಲವೂ ಹೊಸದರಲ್ಲಿದೆ, ಒಂದಕ್ಷರ ಬಿಟ್ಟುಹೋಗಿಲ್ಲ. ಆದರೆ ಸಾಗಿಸುವಾಗ ಯಾವುದೋ ಮೂಲೆಯಲ್ಲಿದ್ದ ಹಳೆಯ ಡಿಸ್ಕಿನ ಗುರುತೂ ಹಾಗೆಯೇ ಹೊಸದಕ್ಕೆ ಬಂದುಬಿಟ್ಟಿದೆ. ಅದು ಬರುವವರೆಗೆ ಮುಂದೆ ಹೋಗಲು ಇದಕ್ಕೆ ಮನಸ್ಸಿಲ್ಲ. "ಅದು ಬರೂದಿಲ್ಲ ಮಾರಾಯ, ಇಲ್ಲಿ ಮೇಜಿನ ಮೇಲೆ ಅದೆ ನೋಡು" ಎಂದೆ. ಅದು ಕಾಯುತ್ತಲೇ ಇತ್ತು. ಸಿಟ್ಟು ಬರಬೇಕಾಗಿತ್ತು, ಅಳು ಬಂತು. ಅಮ್ಮ ಹೋದಮೇಲೂ ಬಹಳ ದಿನ ನಾನು ಸಂಜೆ ಸೊಸೈಟಿಯ ಬಾಗಿಲು ಹಾಕುವಾಗ, ಹೊರಟೆ ಎಂದು ಹೇಳಲು ಫೋನು ತೆಗೆಯುತ್ತಿದ್ದೆ. ತೆಗೆದಮೇಲೆ ನೆನಪಾಗುತ್ತಿತ್ತು. ಕಣ್ಣು ಒರೆಸಿಕೊಂಡು ಹುಬ್ಬಳ್ಳಿಯ ಕಂಪನಿಯವನಿಗೆ ಕರೆ ಮಾಡಿದೆ. "ಸಿಂಪಲ್ ರೀ ಮೇಡಂ, ಹಳೇದರ ಗುರುತು ಅಳಿಸಿ ಹೊಸದರ ಗುರುತು ಬರೀರಿ, ಅಷ್ಟ ಐತಿ" ಎಂದ. ನೆಗಡಿಯಾಗಿದೆಯೇ ಎಂದೂ ಕೇಳಿದ. ಹೌದು, ಮಳೆಗಾಲ ಎಂದೆ.

ಅವನು ಹೇಳಿದಂತೆ ಬರೆದೆ. ಈ ಸಲ ಸರ್ವರು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂತಿತು. ಗರ್ ಗರ್ ಇಲ್ಲ, ಟಿಕ್ ಟಿಕ್ ಇಲ್ಲ. ಒಂದು ಬೋಟಿನ ನಂಬರು ಒತ್ತಿದೆ, ಬೆರಳು ಎತ್ತುವ ಮೊದಲೇ ಚೀಟಿ ಹೊರಗೆ ಬಂತು. "ಭಲೇ!" ಎಂದು ಎದ್ದು ನಿಂತೆ. ನಿಂತಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಯಾರಾದರೂ ಎದುರಿಗಿರಬೇಕು. ಕುಮಟೆಯಲ್ಲಿರುವ ತಂಗಿಗೆ ಫೋನು ಮಾಡಿ ಡಿಸ್ಕಿನ ವಿಷಯ ಶುರುಮಾಡಿದೆ. "ಒಳ್ಳೇದಾತು ಬಿಡೆ ಅಕ್ಕ. ಕುಕ್ಕರ್ ಕೂಗ್ತಾ ಅದೆ, ಆಮೇಲೆ ಮಾಡ್ತೆ" ಎಂದಳು. ಪಾಪ, ಅವಳ ಮನೆಯಲ್ಲಿ ಕೂಗುವವರು ಕುಕ್ಕರ್ ಒಂದೇ ಅಲ್ಲ.

ಆಗಸ್ಟಿನಲ್ಲಿ ಬೋಟುಗಳು ನೀರಿಗಿಳಿದವು. ಮೊದಲ ದಿನ ಬೆಳಿಗ್ಗೆ ಕೌಂಟರಿನ ಎದುರು ಹೆಂಗಸರ ಜಾತ್ರೆ. ಮಂಗಲಕ್ಕ ಬುಟ್ಟಿಯನ್ನು ಇನ್ನೂ ಪೂರ್ತಿ ಇಳಿಸಿರಲಿಲ್ಲ, ಅವಳ ಚೀಟಿ ಬಂದಾಗಿತ್ತು. ನೋಡಿದವರೆಲ್ಲ "ಅಯ್ಯಯ್ಯೋ!" ಎಂದರು. ಹೊಗಳಿಕೆ ಎಂಬುದು ನನ್ನಂಥವಳ ತಲೆಗೆ ಬೇಗ ಏರುತ್ತದೆ. ನಾನು ಎದ್ದು ನಿಂತು, ಮೈಕು ಸಿಕ್ಕ ಮಂತ್ರಿಯ ಹಾಗೆ, "ಇನ್ನು ಮೇಲೆ ಯಾರೂ ಇಲ್ಲಿ ಕೂತು ಕಾಯೂದು ಬೇಡ. ಬಂದ ಹಾಗೇ ತಕೊಂಡು ಹೋಗ್ತಾ ಇರಬಹುದು!" ಎಂದು ಸಾರಿದೆ. ಅವರು ಹಾಗೆಯೇ ಮಾಡಿದರು. ಬಂದರು, ತೆಗೆದುಕೊಂಡರು, ಹೋದರು. ದಿನ ಕಳೆದಂತೆ ಬೆಂಚಿನ ಮೇಲೆ ಗಣಪಯ್ಯನವರ ಕೊಡೆಯೊಂದೇ ಕೂರತೊಡಗಿತು. ಸಾಯಂಕಾಲ ಮನೆಗೆ ಹೋಗಿ ನೆನಪಿಸಿಕೊಳ್ಳಲು ನನಗೆ ಒಂದು ಚಪ್ಪಲಿ ಕಳೆದ ಸುದ್ದಿಯೂ ಸಿಗದಾಯಿತು. ಚೀಟಿಯನ್ನು ಬೇಕೆಂದೇ ತಡಮಾಡಿ ಕೊಡೋಣವೇ ಎಂದು ಒಂದೆರಡು ಸಲ ಯೋಚಿಸಿದೆ, ಆ ಹಾಳು ಮುದ್ರಣಯಂತ್ರ ನನ್ನ ಮಾತು ಎಲ್ಲಿ ಕೇಳುತ್ತದೆ.

ಒಂದು ದಿನ ತಡೆಯಲಾಗಲಿಲ್ಲ. ಮಂಗಲಕ್ಕ ಚೀಟಿಗೆ ಕೈಚಾಚಿದಾಗ, "ಕೂತ್ಕಣಿ ಮಂಗಲಕ್ಕ" ಎಂದೆ.

"ಎಂತಕ್ಕೆ? ಚೀಟಿ ಆತಲ್ಲ?"

"ಸುಮ್ನೆ."

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲ ಅಕ್ಕೋರೆ, ನಮ್ಮ ಗಲಾಟೆ ತಡೀಲಾಗ್ದೆ ಅಲ್ವಾ ನೀವು ಹೊಸ ಮಷಿನು ಹಾಕ್ಸಿದ್ದು? ನಾವು ಎಲ್ಲ ಹಂಗೇ ತಿಳ್ಕಂಡಿದ್ವು. ಕೂತು ಕಾಯೂದು ಬೇಡ, ಹೋಗ್ತಾ ಇರಿ ಅಂತ ನೀವೇ ಹೇಳ್ಲಿಲ್ವಾ, ಎಲ್ಲರೆದ್ರಿಗೆ?"

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಡಿಸ್ಕು ಸತ್ತುಹೋಗುತ್ತಿತ್ತು, ಗ್ರೀಸು, ಹುಬ್ಬಳ್ಳಿ ಎಂದೇನೇನೋ ತೊದಲಿದೆ. ಕೊನೆಗೆ, "ಹಾಗಲ್ಲ ಮಂಗಲಕ್ಕ. ನೀವೆಲ್ಲ ಕೂರದೆ ನಂಗೆ ಬಹಳ ಬೇಜಾರು. ಮನೇಲೂ ಯಾರಿಲ್ಲ" ಎಂದುಬಿಟ್ಟೆ. ಹೇಳಿದಮೇಲೆ ನಾಚಿಕೆಯಾಗಿ ಕೀಬೋರ್ಡು ಒರೆಸತೊಡಗಿದೆ.

ಮಂಗಲಕ್ಕ ಗಣಪಯ್ಯನವರ ಕೊಡೆಯನ್ನು ಅತ್ತ ಸರಿಸಿ ಕೂತಳು. "ಅದ್ನ ಮೊದ್ಲೇ ಹೇಳೂಕೆ ಎಂತಾಗಿತ್ತು ನಿಮಗೆ? ಬಾಯಿ ಇಲ್ವಾ?" ಎಂದಳು. ನನ್ನ ಎದೆ ತುಂಬಿಬಂತು. ಕುರ್ಚಿಯನ್ನು ಕೌಂಟರಿನ ಹತ್ತಿರಕ್ಕೆ ಎಳೆದುಕೊಂಡು ಅವಳು ಶುರುಮಾಡಲಿ ಎಂದು ಕಾದೆ. ಬೆಂಚಿನ ಮಾತೆಲ್ಲ ಸರ್ವರನ್ನು ಬೈಯುವುದರಿಂದ ಶುರುವಾಗುತ್ತಿತ್ತು ಎಂಬುದು ಆಗಲೇ ತಿಳಿದದ್ದು. ಈಗ ಬೈಯಲು ಏನೂ ಇಲ್ಲ, ಎಲ್ಲವೂ ಸರಿಯಾಗಿದೆ. ಮಂಗಲಕ್ಕ ಫ್ಯಾನು ನೋಡಿದಳು, ಕ್ಯಾಲೆಂಡರು ನೋಡಿದಳು. "ಎಂತಾದ್ರೂ ಹೇಳಿ ಮತ್ತೆ. ಕೂರಿಸ್ಕಂಡದ್ದು ನೀವು" ಎಂದಳು.

ಇಷ್ಟು ವರ್ಷ ಕೇಳಿಯೇ ಅಭ್ಯಾಸವಾದ ನನ್ನ ಹತ್ತಿರ ಹೇಳಲು ಏನಿದೆ? ಇದ್ದದ್ದು ಒಂದೇ. ಡಿಸ್ಕಿನ ಕಥೆ ಶುರುಮಾಡಿದೆ. ಟಿಕ್ ಟಿಕ್ ಹೇಗೆ ಶುರುವಾಯಿತು, ಆ ಶಬ್ದದ ಅರ್ಥವೇನು, ಡಿಸ್ಕುಗಳಲ್ಲಿ ಎಷ್ಟು ಜಾತಿ, ಉಪ್ಪುಗಾಳಿ ಅವುಗಳಿಗೆ ಏನು ಮಾಡುತ್ತದೆ ಎಂದು ವಿವರವಾಗಿ ಹೇಳುತ್ತ ಹೋದೆ. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟವಳು, ನನಗೂ ತಡೆಯಿರಲಿಲ್ಲ. ಮಂಗಲಕ್ಕ ಮೊದಲು "ಹೌದಾ" ಎಂದಳು, ಆಮೇಲೆ "ಹ್ಞೂಂ" ಎಂದಳು, ಆಮೇಲೆ ಆಕಳಿಸಿದಳು. ಗ್ರೀಸಿನ ಪ್ರಸಂಗಕ್ಕೆ ಇನ್ನೂ ನಾನು ಬಂದಿರಲೇ ಇಲ್ಲ, ಅವಳು ಬುಟ್ಟಿ ಎತ್ತಿಕೊಂಡು ಎದ್ದು ನಿಂತಳು. "ಅಕ್ಕೋರೆ, ನಿಮಗಿಂತ ನಿಮ್ಮ ಹಳೇ ಮುದುಕನೇ ಬೇಗ ಮುಗಿಸ್ತಿದ್ದ ಮಾರಾಯ್ತಿ. ಉಳಿದದ್ದು ನಾಳೆ ಹೇಳಿ, ಆತಾ?" ಎಂದು ನಗುತ್ತ ಹೋದಳು.

ಮರುದಿನ ನಾನು ಗ್ರೀಸಿನಿಂದ ಮುಂದಿನದನ್ನೆಲ್ಲ ಮನಸ್ಸಿನಲ್ಲೇ ಸರಿಯಾಗಿ ಜೋಡಿಸಿಕೊಂಡು, ಬೇಸರ ಬರುವ ಕಡೆಗಳನ್ನು ಕತ್ತರಿಸಿ, ನಗು ಬರುವ ಕಡೆ ನಿಲ್ಲಿಸುವುದನ್ನೂ ಅಭ್ಯಾಸ ಮಾಡಿಕೊಂಡು ಕೂತಿದ್ದೆ. ಚೀಟಿಗೆ ಮಂಗಲಕ್ಕನ ಸೊಸೆ ಬಂದಳು. "ಅತ್ತೆ ಎಲ್ಲಿ?" ಎಂದೆ. "ಅವ್ರಿಗೆ ಎಂತದೋ ಕೆಲ್ಸ ಅದೆಯಂತೆ. ಇನ್ನು ಮೇಲೆ ನೀನೇ ಹೋಗಿ ಚೀಟಿ ತಕಂಡು ಬಾ ಹೇಳಿದ್ರು" ಎಂದಳು. ಅಷ್ಟರಲ್ಲಿ ಚೀಟಿ ಬಂದಿತ್ತು, ಅವಳು ನಿಂತಲ್ಲೇ ತೆಗೆದುಕೊಂಡು ಹೋದಳು. ಉಳಿದದ್ದು ನನ್ನಲ್ಲೇ ಉಳಿಯಿತು. ಅದಕ್ಕೇ ನಿಮ್ಮನ್ನು ಇಷ್ಟು ಹೊತ್ತು ಕೂರಿಸಿಕೊಂಡೆ.